ಎಲ್ಲದಕ್ಕೂ ‘ಆಯ್ತು’ ಅಂದು ಡೇಕೇರ್ ನಡೆಸಿದ ಒಂದು ವರ್ಷ

ಡೇಕೇರ್ ಶುರು ಮಾಡಿದ ಮೊದಲ ವರ್ಷ ನನ್ನ ಬಾಯಲ್ಲಿ ಸದಾ ಇದ್ದ ಮಾತು ‘ಆಯ್ತು, ಪರವಾಗಿಲ್ಲ’. ಇವತ್ತು ಅರ್ಧ ಗಂಟೆ ತಡ ಆಗುತ್ತೆ ಅಂದರೆ ಆಯ್ತು. ಫೀಸು ಮುಂದಿನ ವಾರ ಕೊಡ್ತೀನಿ ಅಂದರೆ ಆಯ್ತು. ಸ್ವಲ್ಪ ಮೈ ಬಿಸಿ ಇದೆ, ಔಷಧಿ ಹಾಕಿದ್ದೀನಿ ಅಂದರೂ ಆಯ್ತು. ಇಲ್ಲ ಅಂದರೆ ಮಗುವನ್ನು ಬಿಡಿಸಿಬಿಡುತ್ತಾರೇನೋ ಅನ್ನುವ ಭಯ.

ಆ ಮೈ ಬಿಸಿಯ ಕಥೆ ಮೊದಲು ಹೇಳುತ್ತೇನೆ. ಎರಡು ವರ್ಷದ ಹುಡುಗಿ. ಬೆಳಗ್ಗೆ ಚೆನ್ನಾಗಿಯೇ ಆಡಿದಳು. ಹನ್ನೊಂದರ ಹೊತ್ತಿಗೆ ಔಷಧಿಯ ಪ್ರಭಾವ ಇಳಿಯಿತು, ಜ್ವರ ಏರಿತು. ನನ್ನ ಹೆಗಲ ಮೇಲೆ ತಲೆ ಇಟ್ಟವಳು ಇಳಿಯಲೇ ಇಲ್ಲ. ಅಮ್ಮನಿಗೆ ಫೋನ್ ಮಾಡಿದರೆ ಎತ್ತುತ್ತಿಲ್ಲ, ನನ್ನ ಹತ್ತಿರ ಇದ್ದದ್ದು ಅದೊಂದೇ ನಂಬರ್. ಆ ವಾರ ಮುಗಿಯುವಷ್ಟರಲ್ಲಿ ಹದಿನಾಲ್ಕು ಮಕ್ಕಳಲ್ಲಿ ಆರು ಮಲಗಿದ್ದವು, ಆಯಾಗಳಲ್ಲೂ ಇಬ್ಬರು ರಜೆ. ಒಬ್ಬರಿಗೆ ಮಾಡಿದ ಉಪಕಾರಕ್ಕೆ ಉಳಿದವರೆಲ್ಲ ಬೆಲೆ ತೆತ್ತರು.

ಈಗ ಅಡ್ಮಿಷನ್ ಫಾರಂನಲ್ಲೇ ಬರೆದಿದೆ. ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಮನೆಗೆ. ಔಷಧಿ ಇಲ್ಲದೆ 24 ಗಂಟೆ ಜ್ವರ ಬರದೇ ಇದ್ದರೆ ಮಾತ್ರ ವಾಪಸ್. ವಾಂತಿ, ಭೇದಿ ಆದರೆ ನಿಂತ ಮೇಲೆ 48 ಗಂಟೆ. ಫೋನ್ ನಂಬರ್ ಮೂರು ಬೇಕು. ಮೂರಕ್ಕೂ ಮೊದಲ ದಿನವೇ ಒಮ್ಮೆ ಕರೆ ಮಾಡಿ ನೋಡುತ್ತೇನೆ.

ಎರಡನೇ ತಪ್ಪು ಲೆಕ್ಕದ್ದು. ಒಂದು ವರ್ಷದೊಳಗಿನ ಮಕ್ಕಳಾದರೆ ಮೂರ್ನಾಲ್ಕು ಮಕ್ಕಳಿಗೆ ಒಬ್ಬರು ಇರಲೇಬೇಕು. ಕಾಗದದ ಮೇಲೆ ನಮ್ಮಲ್ಲಿ ಅಷ್ಟು ಜನ ಇದ್ದರು. ಆದರೆ ಆ ಲೆಕ್ಕದಲ್ಲಿ ನನ್ನನ್ನೂ ಸೇರಿಸಿಕೊಂಡಿದ್ದೆ. ನಾನೋ ಯಾವಾಗಲೂ ಫೋನಿನಲ್ಲಿ, ಇಲ್ಲವೇ ಬಾಗಿಲಲ್ಲಿ, ಇಲ್ಲವೇ ಹೊಸಬರಿಗೆ ಜಾಗ ತೋರಿಸುತ್ತಾ ಇರುತ್ತಿದ್ದೆ. ಒಬ್ಬ ಆಯಾ ಡೈಪರ್ ಬದಲಿಸಲು ಹೋದರೆ ಇನ್ನೊಬ್ಬಳ ಪಾಲಿಗೆ ಏಳು ಮಕ್ಕಳು. ಒಂದು ದಿನ ಒರೆಸುವ ನೀರಿನ ಬಕೆಟ್ ಮೇಲೆ ಒಬ್ಬ ಪುಟ್ಟ ಬಗ್ಗಿ ನಿಂತಿದ್ದನ್ನು ನೋಡಿ ಎದೆ ಝಲ್ ಅಂದಿತು. ಚಿಕ್ಕ ಮಗು ಮುಳುಗಲು ಕೆಲವೇ ಇಂಚು ನೀರು ಸಾಕು. ಅವತ್ತಿಂದ ಲೆಕ್ಕದಲ್ಲಿ ನಾನಿಲ್ಲ. ಮಕ್ಕಳು ಇರುವ ಹೊತ್ತಿನಲ್ಲಿ ಬಕೆಟ್ ಕೂಡ ಇಲ್ಲ.

ಒಂದು ವಿಷಯದಲ್ಲಿ ನನ್ನನ್ನು ಉಳಿಸಿದ್ದು ನಮ್ಮ ಆಯಾ. ಐದು ತಿಂಗಳ ಮಗುವಿನ ಅಜ್ಜಿ, ‘ಇವನು ಬೋರಲು ಮಲಗಿಸಿದರೇನೇ ನಿದ್ದೆ ಮಾಡೋದು’ ಅಂದರು. ನಾನು ಎಂದಿನಂತೆ ಆಯ್ತು ಅಂದೆ. ಆಯಾ ಎಲ್ಲರೆದುರೇ, ‘ಇಲ್ಲ ಅಮ್ಮ, ನಾನು ಅಂಗಾತವೇ ಮಲಗಿಸೋದು’ ಅಂದಳು. ಅವಳದೇ ಸರಿ. ಒಂದು ವರ್ಷ ತುಂಬುವ ತನಕ ಅಂಗಾತ, ಗಟ್ಟಿ ಹಾಸಿಗೆ, ದಿಂಬು ಬೊಂಬೆ ಏನೂ ಬೇಡ. ನಿದ್ದೆಯಲ್ಲೇ ಮಗುವಿನ ಉಸಿರು ನಿಂತುಹೋಗುವ ಅಪಾಯ ಹೀಗೆ ಕಡಿಮೆಯಾಗುತ್ತದೆ. ಆ ಹುಡುಗಿಗೆ ನಾನು ಕಲಿಸಬೇಕಿತ್ತು, ಕಲಿಸಿದ್ದು ಅವಳು.

ಇನ್ನೊಂದು ತಪ್ಪು, ಮುಚ್ಚಿಟ್ಟದ್ದು. ಒಬ್ಬ ಇನ್ನೊಬ್ಬನ ತೋಳು ಕಚ್ಚಿದ. ಒಂದರಿಂದ ಮೂರು ವರ್ಷದ ಮಕ್ಕಳಲ್ಲಿ ಇದು ಮಾಮೂಲಿ. ಸಂಜೆಗೆ ಗುರುತು ಹೋಗುತ್ತೆ, ಸುಮ್ನೆ ಯಾಕೆ ಹೇಳಿ ಗಾಬರಿ ಮಾಡೋದು ಅಂದುಕೊಂಡೆ. ಸ್ನಾನ ಮಾಡಿಸುವಾಗ ಅಮ್ಮ ನೋಡಿದರು. ರಾತ್ರಿ ಒಂಬತ್ತಕ್ಕೆ ಫೋನು. ‘ಕಚ್ಚಿದ್ದಕ್ಕೆ ಬೇಜಾರಿಲ್ಲ ಮೇಡಂ, ನೀವು ಹೇಳಲಿಲ್ಲ ಅಲ್ವಾ’ ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ಈಗ ತರಚಿದರೂ ಪುಸ್ತಕದಲ್ಲಿ ಬರೆಯುತ್ತೇವೆ, ಆಗಲೇ ಫೋನ್ ಮಾಡುತ್ತೇವೆ. ಕಚ್ಚಿದ ಮಗುವಿನ ಹೆಸರು ಮಾತ್ರ ಹೇಳುವುದಿಲ್ಲ, ಎಷ್ಟು ಕೇಳಿದರೂ.

ಮಗುವನ್ನು ಕರೆದೊಯ್ಯಲು ಯಾರು ಬರಬಹುದು ಅನ್ನುವ ಪಟ್ಟಿಯೂ ನಮ್ಮಲ್ಲಿ ಇರಲಿಲ್ಲ. ಒಮ್ಮೆ ಒಬ್ಬರು ಬಂದರು, ಮಗು ‘ಮಾಮ’ ಅಂತ ಓಡಿಹೋಗಿ ಅಪ್ಪಿಕೊಂಡಿತು, ಕಳಿಸಿಕೊಟ್ಟೆ. ಹತ್ತು ನಿಮಿಷಕ್ಕೆ ಅಮ್ಮ ಬಂದು ‘ಎಲ್ಲಿ ನನ್ನ ಮಗು?’ ಅಂದರು. ಅವರ ತಮ್ಮನೇ ಬಂದಿದ್ದು, ಏನೂ ಆಗಲಿಲ್ಲ. ಆದರೆ ಆ ತಮ್ಮ ಫೋನ್ ಎತ್ತುವ ತನಕ ನನ್ನ ಕೈ ನಡುಗುತ್ತಿತ್ತು. ಈಗ ಫೋಟೋ ಸಮೇತ ಪಟ್ಟಿ ಇದೆ. ಪಟ್ಟಿಯಲ್ಲಿ ಇಲ್ಲದವರು ಬಾಗಿಲಲ್ಲೇ ಕಾಯುತ್ತಾರೆ, ಕೋಪ ಮಾಡಿಕೊಂಡರೂ ಸರಿ.

ದುಡ್ಡಿನ ವಿಷಯ ಚುಟುಕಾಗಿ ಹೇಳುತ್ತೇನೆ. ಎಲ್ಲ ಸೀಟೂ ತುಂಬಿರುತ್ತೆ ಅಂತ ಲೆಕ್ಕ ಹಾಕಿ ಫೀಸು ಇಟ್ಟಿದ್ದೆ, ಯಾವತ್ತೂ ತುಂಬಲಿಲ್ಲ. ಮಗು ರಜೆ ಹಾಕಿದ ದಿನಗಳ ಫೀಸು ಬಿಟ್ಟುಕೊಡುತ್ತಿದ್ದೆ, ಬಾಡಿಗೆ ಸಂಬಳ ಮಾತ್ರ ರಜೆ ಹಾಕಲಿಲ್ಲ. ಈಗ ಫೀಸು ತಿಂಗಳ ಮೊದಲೇ, ಬಿಡಿಸುವುದಾದರೆ ಒಂದು ತಿಂಗಳು ಮುಂಚೆ ತಿಳಿಸಬೇಕು, ಸಂಜೆ ಆರರ ಮೇಲೆ ಪ್ರತಿ ಹದಿನೈದು ನಿಮಿಷಕ್ಕೆ ಚಾರ್ಜ್. ಆ ಚಾರ್ಜ್ ಅಷ್ಟೂ ಉಳಿದುಕೊಂಡ ಆಯಾಗೇ ಹೋಗುತ್ತದೆ.

ಈ ಚಾರ್ಜ್ ಕಾರಣಕ್ಕೆ ಒಬ್ಬರು ಮಗುವನ್ನು ಬಿಡಿಸಿಕೊಂಡು ಹೋದರು. ಆ ಸೀಟು ಒಂದೂವರೆ ತಿಂಗಳು ಖಾಲಿ ಬಿತ್ತು, ನನಗೆ ಬೇಜಾರೂ ಆಯಿತು. ಉಳಿದವರು ಆರಕ್ಕೆ ಐದು ನಿಮಿಷ ಇರುವಾಗಲೇ ಬಾಗಿಲಲ್ಲಿ ನಿಂತಿರುತ್ತಾರೆ.