ಬಾವಿ ನೀರಲ್ಲಿ ಗಿಡದ ಅಕ್ವೇರಿಯಂ: ಲೈಟ್ ಎಷ್ಟು, ನೀರಲ್ಲಿ ಏನು ನೋಡಬೇಕು

ಬೆಂಗಳೂರಿನವರ ವಿಡಿಯೋ ನೋಡಿ ಉಡುಪಿಯಲ್ಲಿ ಗಿಡದ ಟ್ಯಾಂಕ್ ಇಡಲು ಹೊರಟರೆ ಮೊದಲ ಸಲಹೆಯೇ ನಮಗೆ ಹೊಂದುವುದಿಲ್ಲ. ಅವರ ಬೋರ್‌ವೆಲ್ ನೀರು ಗಡಸು. ಅದಕ್ಕೆ ಆರ್‌ಒ ನೀರು ಬೆರೆಸಿ ಅನ್ನುತ್ತಾರೆ. ನಮ್ಮಲ್ಲಿ ಸಮಸ್ಯೆ ತಿರುಗಾಮುರುಗಾ. ನಮ್ಮ ಮನೆ ಅಂಬಲಪಾಡಿ ಕಡೆ, ಬಾವಿ ಮುರಕಲ್ಲಿನಲ್ಲಿ ತೋಡಿದ್ದು. ಈ ನೀರಲ್ಲಿ ಬೇಳೆ ಚೆನ್ನಾಗಿ ಬೇಯುತ್ತದೆ, ಸೋಪು ನೊರೆ ಬಿಡುತ್ತದೆ. ಅಕ್ವೇರಿಯಂಗೆ ಮಾತ್ರ ಈ ನೀರು ತೀರಾ ಮೆದು. ಅದಕ್ಕೇ ನಾನು ಹೊಸಬರಿಗೆ ಹೇಳುವುದು ಒಂದೇ: ಲೈಟ್ ಕೊಳ್ಳುವ ಮೊದಲು ಕೆಎಚ್ ಕಿಟ್ ಕೊಳ್ಳಿ. ನಿಮ್ಮ ನೀರು ಎಷ್ಟು ತಾಳುತ್ತದೆ ಅಂತ ಗೊತ್ತಾದ ಮೇಲೆ ಬೆಳಕಿನ ವಿಷಯ.

ಕೆಎಚ್ ಅಂದರೆ ನೀರಿಗೆ ಹುಳಿಯನ್ನು ತಡೆದುಕೊಳ್ಳುವ ಶಕ್ತಿ ಎಷ್ಟಿದೆ ಅನ್ನುವ ಲೆಕ್ಕ. ಕಿಟ್‌ನಲ್ಲಿ ಒಂದು ಗಾಜಿನ ನಳಿಗೆ, ಒಂದು ಬಾಟಲಿ ಇರುತ್ತದೆ. ಐದು ಮಿಲಿ ನೀರಿಗೆ ಒಂದೊಂದೇ ಹನಿ ಬಿಟ್ಟು ಅಲ್ಲಾಡಿಸಬೇಕು. ಮೊದಲು ನೀಲಿ, ಆಮೇಲೆ ಒಂದು ಹನಿಗೆ ತಟ್ಟನೆ ಹಳದಿ. ಎಷ್ಟು ಹನಿಗೆ ಹಳದಿಯಾಯಿತೋ ಅಷ್ಟು ಡಿಗ್ರಿ. ನಮ್ಮ ಬಾವಿ ನೀರಲ್ಲಿ ನೀಲಿ ಬರುವುದೇ ಇಲ್ಲ. ಮೊದಲ ಹನಿಗೇ ಹಳದಿ. ಕಿಟ್ ಹಾಳಾಗಿದೆ ಅಂತ ಅಂಗಡಿಗೆ ವಾಪಸ್ ಕೊಡಬೇಡಿ! ಐದರ ಬದಲು ಇಪ್ಪತ್ತು ಮಿಲಿ ನೀರು ತಗೊಳ್ಳಿ. ಆಗ ಒಂದು ಹನಿ ಅಂದರೆ ಕಾಲು ಡಿಗ್ರಿ. ನನಗೆ ಮೂರನೇ ಹನಿಗೆ ಬಣ್ಣ ತಿರುಗುತ್ತದೆ, ಅಂದರೆ ಮುಕ್ಕಾಲು ಡಿಗ್ರಿ. ಮಂಗಳೂರಿನ ಕದ್ರಿಯಲ್ಲಿ ಅಕ್ಕನ ಫ್ಲ್ಯಾಟ್‌ಗೆ ಬರುವುದು ತುಂಬೆ ಅಣೆಕಟ್ಟಿನಿಂದ ನೇತ್ರಾವತಿ ನೀರು. ಅದೂ ಮೆದುವೇ, ಆದರೆ ಅದರಲ್ಲಿ ಕ್ಲೋರಿನ್ ಇರುತ್ತದೆ.

ಕೆಎಚ್ ಕಡಿಮೆ ಇದ್ದರೆ ಏನು ತೊಂದರೆ? ಮೀನಿನ ಹೊಲಸಿನಿಂದ ಅಮೋನಿಯಾ ಬರುತ್ತದೆ. ಫಿಲ್ಟರ್‌ನಲ್ಲಿರುವ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡಿ, ಆಮೇಲೆ ನೈಟ್ರೇಟ್ ಮಾಡುತ್ತವೆ. ಈ ಕೆಲಸದಲ್ಲಿ ಹುಳಿ ಹುಟ್ಟುತ್ತದೆ, ಅದು ಕೆಎಚ್ ಅನ್ನು ತಿನ್ನುತ್ತಾ ಹೋಗುತ್ತದೆ. ಒಂದು ಮಿಲಿಗ್ರಾಂ ಅಮೋನಿಯಾ ನೈಟ್ರೋಜನ್ ಅನ್ನು ನೈಟ್ರೇಟ್ ಮಾಡಲು ಸುಮಾರು 7 ಮಿಲಿಗ್ರಾಂ ಕ್ಷಾರ ಖರ್ಚಾಗುತ್ತದೆ. ಒಂದು ಡಿಗ್ರಿ ಕೆಎಚ್ ಅಂದರೆ ಲೀಟರಿಗೆ ಸುಮಾರು 18 ಮಿಲಿಗ್ರಾಂ. ಹಾಗಾಗಿ ಮುಕ್ಕಾಲು ಡಿಗ್ರಿಯ ನೀರಲ್ಲಿ ಅದು ಬೇಗ ಮುಗಿಯುತ್ತದೆ. ಆಮೇಲೆ ಪಿಎಚ್ ಕೆಳಗೆ ಜಾರುತ್ತದೆ, ಅಂದರೆ ನೀರು ಹುಳಿಯಾಗುತ್ತದೆ. ಆರಕ್ಕಿಂತ ಕೆಳಗೆ ಹೋದರೆ ಆ ಬ್ಯಾಕ್ಟೀರಿಯಾಗಳ ಕೆಲಸ ತುಂಬಾ ನಿಧಾನವಾಗುತ್ತದೆ, ಅಮೋನಿಯಾ ಸೇರುತ್ತಾ ಹೋಗುತ್ತದೆ.

ಇಲ್ಲೊಂದು ಮೋಸ ಇದೆ. ಹುಳಿ ನೀರಲ್ಲಿ ಅಮೋನಿಯಾ ಬಹುಪಾಲು ಅಮೋನಿಯಂ ಆಗಿ ಇರುತ್ತದೆ, ಅದು ಮೀನಿಗೆ ಅಷ್ಟು ವಿಷವಲ್ಲ. ಮೀನು ಆರಾಮಾಗಿ ಓಡಾಡಿಕೊಂಡಿರುತ್ತದೆ. ಒಂದು ಭಾನುವಾರ ಯಾರೋ ಅರ್ಧ ಟ್ಯಾಂಕ್ ಖಾಲಿ ಮಾಡಿ ಏಳೂವರೆ ಪಿಎಚ್‌ನ ನಲ್ಲಿ ನೀರು ತುಂಬುತ್ತಾರೆ. ಪಿಎಚ್ ಏರಿದಂತೆ ಅಮೋನಿಯಂನ ಒಂದು ಭಾಗ ಅಮೋನಿಯಾ ಆಗುತ್ತದೆ. ಮೀನು ಮೇಲೆ ಬಂದು ಬಾಯಿ ತೆರೆಯುತ್ತದೆ. 'ನೀರು ಬದಲಾಯಿಸಿದ್ದಕ್ಕೇ ಸತ್ತಿತು ಮಾರಾಯ' ಅನ್ನುವ ಮಾತು ಎಷ್ಟು ಸಲ ಕೇಳಿದ್ದೇನೋ. ತುಂಬಾ ದಿನ ಕೈ ಹಾಕದ ಟ್ಯಾಂಕ್ ಆದರೆ ಮೊದಲು ಅಮೋನಿಯಾ ಟೆಸ್ಟ್ ಮಾಡಿ. ಜಾಸ್ತಿ ಇದ್ದರೆ ದಿನಕ್ಕೆ ನೂರಕ್ಕೆ ಹತ್ತು ಪಾಲು ನೀರು ಮಾತ್ರ ಬದಲಾಯಿಸಿ. ಗಿಡ ದಟ್ಟವಾಗಿದ್ದರೆ ಅಮೋನಿಯಂ ಅನ್ನು ಅವೇ ಹೀರಿಕೊಳ್ಳುವುದರಿಂದ ಈ ಅಪಾಯ ಕಡಿಮೆ.

ಕಡಿಮೆ ಕೆಎಚ್‌ಗೆ ಮದ್ದು ನಮ್ಮ ಅಡುಗೆಮನೆಯಲ್ಲೇ ಇದೆ: ಮರುವಾಯಿ, ಅಂದರೆ ಕಪ್ಪೆಚಿಪ್ಪಿನ ಓಡು. ಸುಕ್ಕ ಮಾಡಿದ ಮೇಲೆ ಉಳಿದದ್ದಾದರೆ ಮಸಾಲೆ, ಎಣ್ಣೆ ಹೋಗುವ ತನಕ ತಿಕ್ಕಿ ಕುದಿಸಿ, ಬಿಸಿಲಲ್ಲಿ ಒಣಗಿಸಿ, ಗುದ್ದಿ ಚೂರು ಮಾಡಿ. 'ಮೀನಿಗೆ ಮರುವಾಯಿ ಓಡು ಯಾಕೆ ಮಗಾ, ಅದಕ್ಕೆ ಹಲ್ಲುಂಟಾ?' ಅಂತ ಅಮ್ಮ ಕೇಳಿದ್ದುಂಟು. ಒಂದು ಹಿಡಿ ಚೂರನ್ನು ಬಲೆಯ ಚೀಲಕ್ಕೆ ಹಾಕಿ ಫಿಲ್ಟರ್‌ನೊಳಗೆ ಇಟ್ಟರೆ ಸಾಕು. ನೀರು ಹುಳಿಯಾದಾಗ ಚಿಪ್ಪು ಜಾಸ್ತಿ ಕರಗುತ್ತದೆ, ಹುಳಿ ಇಳಿದಾಗ ಕರಗುವುದು ತಾನಾಗಿ ಕಡಿಮೆಯಾಗುತ್ತದೆ. ಜೊತೆಗೆ ಗಿಡಕ್ಕೆ ಕ್ಯಾಲ್ಸಿಯಂ ಸಿಗುತ್ತದೆ. ಆದರೆ ಸುಣ್ಣ ಹಾಕಬೇಡಿ. ಅದೂ ಚಿಪ್ಪಿನಿಂದಲೇ ಬಂದದ್ದು ನಿಜ, ಆದರೆ ಸುಟ್ಟ ಮೇಲೆ ಅದರ ಗುಣವೇ ಬೇರೆ. ಪಿಎಚ್ ಒಂದೇ ಏಟಿಗೆ ಮೇಲೇರುತ್ತದೆ.

ಅವಸರ ಇದ್ದರೆ ಅಡುಗೆ ಸೋಡಾ. 100 ಲೀಟರಿಗೆ 3 ಗ್ರಾಂ ಹಾಕಿದರೆ ಒಂದು ಡಿಗ್ರಿ ಏರುತ್ತದೆ. ನನ್ನದು ಎರಡಡಿ ಟ್ಯಾಂಕ್: 60, 30, 36 ಸೆಂಟಿಮೀಟರ್. ಗುಣಿಸಿ ಸಾವಿರದಿಂದ ಭಾಗಿಸಿದರೆ 65 ಲೀಟರ್. ಮರಳು, ಕಲ್ಲು ಕಳೆದರೆ 55 ಉಳಿಯುತ್ತದೆ. ಹಾಗಾಗಿ ನನಗೆ ಟೀ ಚಮಚದ ಮೂರನೇ ಒಂದು ಭಾಗ ಸಾಕು. ಲೋಟದಲ್ಲಿ ಕರಗಿಸಿ ನಿಧಾನಕ್ಕೆ ಹಾಕಿ. ದಿನಕ್ಕೆ ಒಂದು ಡಿಗ್ರಿಗಿಂತ ಜಾಸ್ತಿ ಏರಿಸಬೇಡಿ. ಕೆಎಚ್ ಎರಡು ಮೂರರಲ್ಲಿ ನಿಂತರೆ ನಮ್ಮ ಕಡೆಯ ಗಿಡದ ಟ್ಯಾಂಕ್‌ಗೆ ಧಾರಾಳ.

ಪಿಎಚ್ ಪೆನ್ನು ಹಿಡಿದು ದಿನವಿಡೀ ಟ್ಯಾಂಕಿನ ಮುಂದೆ ಕೂರುವುದು ಸುಮ್ನೆ. ಬಾವಿಯಿಂದ ಆಗಷ್ಟೇ ಸೇದಿದ ನೀರು ನನಗೆ 5.8 ತೋರಿಸುತ್ತದೆ. ಅದೇ ನೀರು ಬಕೆಟ್‌ನಲ್ಲಿ ಒಂದು ರಾತ್ರಿ ಕಳೆದರೆ 6.6. ನೆಲದೊಳಗೆ ಸೇರಿಕೊಂಡ ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋದದ್ದು, ಅಷ್ಟೇ. ಹಾಗಾಗಿ ನಿಂತ ನೀರನ್ನೇ ಅಳೆಯಿರಿ. ಟ್ಯಾಂಕ್ ನೀರಾದರೆ ಯಾವಾಗಲೂ ಒಂದೇ ಹೊತ್ತಿಗೆ, ಲೈಟ್ ಹತ್ತುವ ಮೊದಲು. ಸಂಜೆಗೆ ಗಿಡಗಳು ಕಾರ್ಬನ್ ಡೈಆಕ್ಸೈಡ್ ತಿಂದು ಪಿಎಚ್ ಏರಿರುತ್ತದೆ, ಬೆಳಿಗ್ಗೆಯ ಅಂಕಿಗೆ ಅದನ್ನು ಹೋಲಿಸಿ ಗಾಬರಿಯಾಗುವುದು ಬೇಡ. ಮೆದು ನೀರಲ್ಲಿ ಪೆನ್ನಿನ ಅಂಕಿ ನಿಲ್ಲಲು ಎರಡು ಮೂರು ನಿಮಿಷ ಬೇಕು, ಕಾಯಿರಿ. ಪೆನ್ನಿನ ತುದಿ ಒಣಗಬಾರದು. ಅದರದ್ದೇ ದ್ರಾವಣದಲ್ಲಿ ಇಡಬೇಕು, ಆರ್‌ಒ ನೀರಲ್ಲಿ ಇಟ್ಟರೆ ಹಾಳಾಗುತ್ತದೆ.

ನೀರಲ್ಲಿ ಕರಗಿದ್ದನ್ನೆಲ್ಲ ಒಟ್ಟಿಗೆ ಅಳೆಯುವ ಟಿಡಿಎಸ್ ಪೆನ್ನು ಅಗ್ಗ, ಆದರೆ ನೀರಲ್ಲಿ ಏನಿದೆ ಅಂತ ಅದು ಹೇಳುವುದಿಲ್ಲ. ಎಷ್ಟಿದೆ ಅಂತ ಮಾತ್ರ ಅಂದಾಜು ಕೊಡುತ್ತದೆ. ಅದು ಕೆಲಸಕ್ಕೆ ಬರುವುದು ಮೇ ತಿಂಗಳಲ್ಲಿ. ಕಡಲ ಬದಿಯ ಬಾವಿಗಳಿಗೆ ಉಪ್ಪು ನುಗ್ಗುತ್ತದೆ, ಕೆಲವು ಕಡೆ ಟ್ಯಾಂಕರ್ ನೀರೇ ಗತಿ. ನನ್ನ ಬಾವಿಯದು ಮಾಮೂಲಿ 45 ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ಇರುತ್ತದೆ. ಬೇಸಿಗೆಯಲ್ಲಿ ಅದು ದಿಢೀರನೆ ನೂರು, ಇನ್ನೂರು ದಾಟಿದರೆ ಆ ನೀರು ಟ್ಯಾಂಕ್‌ಗೆ ಬೇಡ.

ನೈಟ್ರೇಟ್ ವಾರಕ್ಕೊಮ್ಮೆ ನೋಡಿ. 10ರಿಂದ 20 ಪಿಪಿಎಂ ಇದ್ದರೆ ಗಿಡಕ್ಕೆ ಒಳ್ಳೆಯದು. ಸೊನ್ನೆ ಬಂದರೆ ಖುಷಿಪಡಬೇಡಿ, ಗಿಡ ಹಸಿದಿದೆ ಅಂತ ಅರ್ಥ. ಹನಿ ಕಿಟ್ ಆದರೆ ನೈಟ್ರೇಟ್‌ನ ಎರಡನೇ ಬಾಟಲಿಯನ್ನು ಅರ್ಧ ನಿಮಿಷ ಜೋರಾಗಿ ಕುಲುಕಬೇಕು. ಅದರ ಪುಡಿ ಅಡಿಗೆ ಕೂತಿರುತ್ತದೆ, ಕುಲುಕದಿದ್ದರೆ ಸುಳ್ಳು ಸೊನ್ನೆ ಬರುತ್ತದೆ. ಹೊಸ ಟ್ಯಾಂಕ್ ಆದರೆ ಮೊದಲ ತಿಂಗಳು ಅಮೋನಿಯಾ, ನೈಟ್ರೈಟ್ ದಿನ ಬಿಟ್ಟು ದಿನ.

ಈಗ ಲೈಟ್. ಡಬ್ಬದ ಮೇಲಿನ ವ್ಯಾಟ್ ನೋಡಬೇಡಿ, ಲ್ಯೂಮೆನ್ ನೋಡಿ, ಅಂದರೆ ಎಷ್ಟು ಬೆಳಕು ಬರುತ್ತದೆ ಅನ್ನುವ ಲೆಕ್ಕ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಇಲ್ಲದ ಟ್ಯಾಂಕ್‌ಗೆ ಲೀಟರಿಗೆ 20ರಿಂದ 25 ಲ್ಯೂಮೆನ್ ಸಾಕು. ನನ್ನ 55 ಲೀಟರಿಗೆ 1,100ರಿಂದ 1,400. ಬಣ್ಣ 6,500 ಕೆಲ್ವಿನ್ ಆಸುಪಾಸು. ಎಷ್ಟೋ ಜನ ಹಾರ್ಡ್‌ವೇರ್ ಅಂಗಡಿಯಿಂದ 30 ವ್ಯಾಟ್ ಎಲ್‌ಇಡಿ ಫ್ಲಡ್‌ಲೈಟ್ ತಂದು ಗಾಜಿನ ಮೇಲೇ ಇಡುತ್ತಾರೆ. ಲೈಟ್ ಒಳ್ಳೆಯದೇ, ಎರಡಡಿಗೆ ಮಾತ್ರ ಜಾಸ್ತಿ. ಒಂದೂವರೆ ಅಡಿ ಮೇಲೆ ತೂಗುಹಾಕಿ. ಬೆಳಕು ಅಳೆಯುವ ಫೋನಿನ ಲಕ್ಸ್ ಆ್ಯಪ್‌ನ ಅಂಕಿ ನಿಖರವಲ್ಲ, ಆದರೆ ಲೈಟ್ ಏರಿಸುವ ಮೊದಲು, ಏರಿಸಿದ ಮೇಲೆ ಹೋಲಿಸಲು ಸಾಕು. ಅದೇ ಫೋನು, ಅದೇ ಜಾಗ ಇರಲಿ.

ಬೆಳಕು ಜಾಸ್ತಿ ಕೊಟ್ಟರೆ ಗಿಡ ಜಾಸ್ತಿ ಊಟ ಕೇಳುತ್ತದೆ. ನಮ್ಮ ಮೆದು ನೀರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂ ಎಲ್ಲವೂ ಕಡಿಮೆ. ಗಿಡ ಬೆಳೆಯಲಾಗದೆ ನಿಲ್ಲುತ್ತದೆ, ಉಳಿದ ಬೆಳಕಲ್ಲಿ ಪಾಚಿ ಬೆಳೆಯುತ್ತದೆ. ಹೊಸ ಟ್ಯಾಂಕ್‌ಗೆ ಮೊದಲ ತಿಂಗಳು ಆರು ಗಂಟೆ. ಆಮೇಲೆ ಬೇಕಿದ್ದರೆ ವಾರಕ್ಕೆ ಅರ್ಧ ಗಂಟೆ ಏರಿಸಿ, ಎಂಟಕ್ಕೆ ನಿಲ್ಲಿಸಿ. ನಾನು ಸಂಜೆ ನಾಲ್ಕರಿಂದ ಹತ್ತೂವರೆ ಇಟ್ಟಿದ್ದೇನೆ. ಕೆಲಸ ಮುಗಿಸಿ ಬಂದ ಮೇಲೆ ನೋಡಲು ಬೇಕಲ್ವಾ? ಪಡುದಿಕ್ಕಿನ ಕಿಟಕಿ ಇದ್ದರೆ ಪರದೆ ಎಳೆಯಿರಿ, ಇಳಿ ಹೊತ್ತಿನ ಬಿಸಿಲು ನೇರ ಗಾಜಿಗೆ ಬೀಳುತ್ತದೆ. ಆಟಿ ತಿಂಗಳ ಮೋಡಕ್ಕೆ ಲೈಟಿನ ಹೊತ್ತು ಜಾಸ್ತಿ ಮಾಡುವವರಿದ್ದಾರೆ. ಬಿಸಿಲು ಬೀಳದ ಜಾಗದಲ್ಲಿಟ್ಟ ಟ್ಯಾಂಕ್‌ಗೆ ಅದರ ಅಗತ್ಯವೇ ಇಲ್ಲ.

ಟೈಮರ್ ಇಲ್ಲದೆ ಇದು ನಡೆಯುವುದಿಲ್ಲ. ತಿರುಗುವ ಚಕ್ರದ ಟೈಮರ್ ಅಗ್ಗ, ಆದರೆ ಕರೆಂಟ್ ಹೋದಷ್ಟು ಹೊತ್ತು ಅದರ ಗಡಿಯಾರವೂ ನಿಲ್ಲುತ್ತದೆ. ಮಳೆಗಾಲದಲ್ಲಿ ಒಂದು ವಾರ ಕಳೆಯುವಷ್ಟರಲ್ಲಿ ನಿಮ್ಮ ನಾಲ್ಕು ಗಂಟೆ ರಾತ್ರಿ ಒಂಬತ್ತಾಗಿರುತ್ತದೆ. ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ತಗೊಳ್ಳಿ. ಎರಡು ತಗೊಂಡರೆ ಇನ್ನೂ ಒಳ್ಳೆಯದು: ಲೈಟ್ ಆರುವ ಹೊತ್ತಿಗೆ ಏರ್ ಪಂಪ್ ಶುರುವಾಗುವಂತೆ ಎರಡನೆಯದನ್ನು ಇಡಿ. ರಾತ್ರಿ ಗಿಡಗಳೂ ಆಮ್ಲಜನಕ ಬಳಸುತ್ತವೆ, ಮೀನು ಬೆಳಗಿನ ಜಾವ ಮೇಲೆ ಬರುವುದು ಅದಕ್ಕೇ. ಬೇಸಿಗೆಯಲ್ಲಿ ಇದು ಇನ್ನೂ ಮುಖ್ಯ. 25 ಡಿಗ್ರಿಯ ನೀರು ಲೀಟರಿಗೆ ಸುಮಾರು 8.2 ಮಿಲಿಗ್ರಾಂ ಆಮ್ಲಜನಕ ಹಿಡಿಯುತ್ತದೆ, 30 ಡಿಗ್ರಿಯದು 7.5. ನೀರಿನ ಮೇಲೆ ಫ್ಯಾನ್ ಬಿಟ್ಟು ತಂಪು ಮಾಡುವ ಉಪಾಯ ಒಣ ಹವೆಯಲ್ಲಿ ನಡೆಯುತ್ತದೆ. ನಮ್ಮ ಸೆಕೆಯಲ್ಲಿ ನೀರು ಆರುವುದೇ ನಿಧಾನ, ಹಾಗಾಗಿ ದೊಡ್ಡ ಲಾಭ ಇಲ್ಲ.

ಪಾಚಿ ನೋಡಿ ತಲೆಕೆಡಿಸಿಕೊಳ್ಳುವವರಿಗೆ: ಮೊದಲ ವಾರಗಳ ಕಂದು ಧೂಳು ತಾನಾಗಿ ಹೋಗುತ್ತದೆ. ಗಾಜಿಗೆ ಅಂಟಿದ ಗಟ್ಟಿ ಹಸಿರು ಚುಕ್ಕೆ ಬಂದರೆ ಲೈಟ್ ಒಂದು ಗಂಟೆ ಇಳಿಸಿ ಎರಡು ವಾರ ಕಾಯಿರಿ. ಲೈಟ್, ಗೊಬ್ಬರ, ಫಿಲ್ಟರ್ ಮೂರನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತೇ ಆಗುವುದಿಲ್ಲ. ಸಿಲಿಂಡರ್ ಇಟ್ಟವರು ಡ್ರಾಪ್ ಚೆಕ್ಕರ್‌ಗೆ (ನೀರಲ್ಲಿ ಕಾರ್ಬನ್ ಡೈಆಕ್ಸೈಡ್ ಎಷ್ಟಿದೆ ಅಂತ ಬಣ್ಣದಲ್ಲಿ ತೋರಿಸುವ ಪುಟ್ಟ ಬುಡ್ಡಿ) ಟ್ಯಾಂಕ್ ನೀರು ತುಂಬಬೇಡಿ, ನಾಲ್ಕು ಡಿಗ್ರಿ ಕೆಎಚ್‌ನ ದ್ರಾವಣವನ್ನೇ ತುಂಬಿ. ಹಸಿರು ಬಂದರೆ ಸುಮಾರು 30 ಪಿಪಿಎಂ. ನಮ್ಮ ನೀರು ತುಂಬಿದರೆ ಅದು ಸದಾ ಹಳದಿಯೇ.

ಗಿಡಗಳಲ್ಲಿ ಕ್ರಿಪ್ಟೊಕೊರಿನ್, ಜಾವಾ ಫರ್ನ್, ಅನುಬಿಯಸ್ ನಮ್ಮ ನೀರಿಗೆ ಒಗ್ಗುತ್ತವೆ. ವ್ಯಾಲಿಸ್ನೇರಿಯಾ ಚಿಪ್ಪು ಇಲ್ಲದ ಟ್ಯಾಂಕಲ್ಲಿ ಕರಗಿಹೋಗುವುದು ಜಾಸ್ತಿ.

ಮಳೆಗಾಲಕ್ಕೆ ಎರಡು ಮಾತು. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದಾರಾ ಅಂತ ಮನೆಯವರನ್ನು ಕೇಳಿಯೇ ನೀರು ಸೇದಿ. ಹಾಕಿದ್ದರೆ, ಅಥವಾ ನಲ್ಲಿ ನೀರಾದರೆ, ಅಂಗಡಿಯ ಆ್ಯಂಟಿ ಕ್ಲೋರಿನ್ ಬೆರೆಸಿದ ಮೇಲೆಯೇ ಬಳಸಿ. ಇನ್ನು ಕರೆಂಟ್. ಇನ್ವರ್ಟರ್ ಇದ್ದರೆ ಅದಕ್ಕೆ ಏರ್ ಪಂಪ್ ಕೊಡಿ, ಲೈಟ್ ಬೇಡ. ಒಂದು ದಿನ ಕತ್ತಲಲ್ಲಿದ್ದರೆ ಗಿಡಕ್ಕೆ ಏನೂ ಆಗುವುದಿಲ್ಲ. ವೈರು ಪ್ಲಗ್ಗಿಗಿಂತ ಕೆಳಗೆ ಇಳಿದು ಮತ್ತೆ ಮೇಲೆ ಹೋಗುವಂತೆ ಇರಲಿ, ಹನಿ ಅಲ್ಲೇ ಬೀಳುತ್ತದೆ. ಕ್ಯಾನಿಸ್ಟರ್ ಫಿಲ್ಟರ್ (ಟ್ಯಾಂಕಿನ ಹೊರಗಿಡುವ ಮುಚ್ಚಿದ ಡಬ್ಬದ ಫಿಲ್ಟರ್) ಹಲವು ಗಂಟೆ ನಿಂತಿದ್ದರೆ ಕರೆಂಟ್ ಬಂದ ಕೂಡಲೇ ಓಡಿಸಬೇಡಿ. ಮೊದಲು ಬಿಚ್ಚಿ, ಒಳಗಿನ ಕೊಳೆತ ನೀರು ಚೆಲ್ಲಿ, ಸ್ಪಂಜನ್ನು ಟ್ಯಾಂಕಿನಿಂದ ಬಕೆಟ್‌ಗೆ ತೆಗೆದ ನೀರಲ್ಲೇ ಹಿಂಡಿ ತೊಳೆದು, ಆಮೇಲೆ ಜೋಡಿಸಿ.