ಮಳೆಗಾಲ ಮುಗಿದ ಮೇಲೆ ಗಂಬೂಟು ಎತ್ತಿಡುವ ಕ್ರಮ

ತೋಟ, ಗದ್ದೆ, ಮೀನುಹೊಂಡಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದುಡಿದ ಗಂಬೂಟುಗಳು ಕೆಲಸಕ್ಕಿಂತ ಹೆಚ್ಚಾಗಿ ಬಿಡುವಿನ ತಿಂಗಳುಗಳಲ್ಲೇ ಹಾಳಾಗುತ್ತವೆ. ತೀರ್ಥಹಳ್ಳಿ, ಹೊಸನಗರದ ಕಡೆ ದೀಪಾವಳಿಯ ಹೊತ್ತಿಗೆ ಕೆಸರು ಸಮೇತ ಕೊಟ್ಟಿಗೆಯ ಮೂಲೆ ಸೇರಿದ ಜೋಡಿ, ಮರುವರ್ಷ ಹೊರಬರುವಾಗ ಮಡಿಕೆಯಲ್ಲಿ ಬಿರಿದಿರುತ್ತದೆ, ಇಲ್ಲವೇ ಕೈಗೆ ಅಂಟುವಷ್ಟು ಮೆತ್ತಗಾಗಿರುತ್ತದೆ.

ಮೊದಲ ಕೆಲಸ ತೊಳೆಯುವುದು. ಕೆಸರು ಹೇಗೂ ಹೋಗುತ್ತದೆ. ಗಮನ ಬೇಕಾದದ್ದು ಬೋರ್ಡೋ ದ್ರಾವಣದ ನೀಲಿ ಕಲೆಗೆ. ಕೊಳೆರೋಗಕ್ಕೆಂದು 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ ಸೇರಿಸಿ ಅಡಿಕೆ ಗೊನೆಗೆ ಹೊಡೆಯುವಾಗ, ಕೆಳಗೆ ಪೈಪು ಹಿಡಿದು ನಿಂತವರ ಬೂಟಿನ ಮೇಲೂ ಅದು ಸುರಿಯುತ್ತದೆ. ಅದರಲ್ಲಿರುವ ತಾಮ್ರವು ಸಹಜ ರಬ್ಬರು ಗಾಳಿಗೆ ಸವೆಯುವ ಕ್ರಿಯೆಯನ್ನು ತೀವ್ರಗೊಳಿಸುತ್ತದೆ. ಆದ್ದರಿಂದ ಅಟ್ಟೆಯ ಗೆರೆಗಳನ್ನೂ ಅಂಚಿನ ಜೋಡಣೆಯನ್ನೂ ಸೌಮ್ಯ ಸಾಬೂನು ಹಾಕಿ ಬ್ರಷ್‌ನಿಂದ ಉಜ್ಜಿ, ಮತ್ತೆ ಮತ್ತೆ ನೀರು ಹೊಯ್ದು ತೊಳೆಯಬೇಕು. ತಾಮ್ರ ಮೀನಿಗೆ ವಿಷವಾದ ಕಾರಣ ಈ ನೀರು ಹೊಂಡಕ್ಕಾಗಲಿ ಹಳ್ಳಕ್ಕಾಗಲಿ ಸೇರಬಾರದು. ತೊಳೆದ ಬಳಿಕ ಹೊಳಪು ಬರಲೆಂದು ಕೊಬ್ಬರಿ ಎಣ್ಣೆ ಸವರುವ ಅಭ್ಯಾಸವನ್ನು ಖಂಡಿತ ಬಿಡಬೇಕು. ಎಣ್ಣೆ ಕುಡಿದ ರಬ್ಬರು ಉಬ್ಬಿ ಬಲ ಕಳೆದುಕೊಳ್ಳುತ್ತದೆ. ಪೆಟ್ರೋಲಿಯಂ ಅಂಶವಿರುವ ಹೊಳಪಿನ ಸ್ಪ್ರೇಗಳೂ ಅದೇ ಹಾನಿ ಮಾಡುತ್ತವೆ, ದುಡ್ಡು ಮಾತ್ರ ಹೆಚ್ಚು.

ಹೆಚ್ಚಿನವರು ಎಡವುವುದು ಒಣಗಿಸುವಲ್ಲಿ. ಹೊರಮೈ ಅರ್ಧ ದಿನದಲ್ಲಿ ಒಣಗುತ್ತದೆ. ಒಳಗಿನ ಬಟ್ಟೆಯ ಪದರ, ಅದರಲ್ಲೂ ಬೆರಳಿನ ತುದಿಯ ಭಾಗ, ವಾರ ಕಳೆದರೂ ತೇವ ಬಿಡುವುದಿಲ್ಲ. ಅವಸರಕ್ಕೆ ಬಚ್ಚಲ ಒಲೆಯ ಪಕ್ಕದಲ್ಲೋ ಅಡಿಕೆ ಬೇಯಿಸುವ ಒಲೆಯ ಹತ್ತಿರವೋ ಬೂಟು ಇಟ್ಟರೆ ರಬ್ಬರು ಗಡುಸಾಗಿ, ಅಂಟಿಸಿದ ಅಟ್ಟೆ ಬಿಡುತ್ತದೆ. ನೇರ ಬಿಸಿಲೂ ಬೇಡ. ಒಳಗಿನ ಸೋಲ್ ತೆಗೆದು ಬೇರೆಯಾಗಿ ಒಣಗಿಸಿ, ನೀರು ಇಳಿಯುವಷ್ಟು ಹೊತ್ತು ಮಾತ್ರ ಬೂಟನ್ನು ಗೂಟಕ್ಕೆ ತಲೆಕೆಳಗಾಗಿ ಸಿಕ್ಕಿಸಬೇಕು. ಅನಂತರ ಹಳೆಯ ಪತ್ರಿಕೆಯ ಹಾಳೆಗಳನ್ನು ಸಡಿಲವಾಗಿ ಮುದುಡಿ ಮೊದಲು ಬೆರಳಿನ ತುದಿಗೆ, ಆಮೇಲೆ ಹಿಮ್ಮಡಿಗೆ ತುಂಬಿ, ಕೆಲವು ಗಂಟೆಗಳಿಗೊಮ್ಮೆ ಬದಲಿಸುತ್ತಿರಬೇಕು. ಒದ್ದೆ ಕಾಗದವನ್ನು ರಾತ್ರಿಯಿಡೀ ಒಳಗೇ ಬಿಟ್ಟರೆ ಅದೇ ಬೂಷ್ಟಿನ ತವರಾಗುತ್ತದೆ. ಎರಡು ಮೂರು ಸಲ ಬದಲಿಸಿದ ಮೇಲೆ ಕಾಗದ ತೆಗೆದು, ಬಾಯಿ ಫ್ಯಾನಿನ ಕಡೆಗಿರುವಂತೆ ಬೂಟುಗಳನ್ನು ಮಲಗಿಸಬೇಕು. ಒಣಗಿದೆಯೇ ಎಂದು ತಿಳಿಯಲು ಹೊಸ ಹಾಳೆಯೊಂದನ್ನು ತುದಿಯವರೆಗೆ ತುರುಕಿ ಬೆಳಿಗ್ಗೆ ತೆಗೆಯಿರಿ. ಹಾಳೆ ಗರಿಗರಿಯಾಗಿದ್ದರೆ ಸರಿ, ಮೆತ್ತಗಿದ್ದರೆ ಇನ್ನೊಂದು ದಿನ ಬೇಕು. ಉಂಬಳಕ್ಕೆ (ಜಿಗಣೆಗೆ) ಹೆದರಿ ಬೂಟಿನೊಳಗೆ ಉಪ್ಪು ಹಾಕುತ್ತಿದ್ದವರು ಒಳಪದರವನ್ನೂ ಸಿಹಿನೀರಿನಲ್ಲಿ ತೊಳೆದೇ ಒಣಗಿಸಬೇಕು, ಉಳಿದ ಉಪ್ಪು ಗಾಳಿಯ ತೇವವನ್ನು ಮತ್ತೆ ಎಳೆದುಕೊಳ್ಳುತ್ತದೆ.

ಇಡುವಾಗ ಮಡಚಬಾರದು, ಮೇಲೆ ಭಾರ ಹೇರಬಾರದು. ಕಾಲಿನ ಕೊಳವೆಗೆ ಸುರುಳಿ ಸುತ್ತಿದ ರಟ್ಟು ತೂರಿಸಿ ನೆಟ್ಟಗೆ ನಿಲ್ಲಿಸಿ, ಬಾಯಿಗೆ ಹತ್ತಿಬಟ್ಟೆ ಕಟ್ಟಿದರೆ ಇಲಿ, ಚೇಳು ಒಳಸೇರುವುದಿಲ್ಲ. ಪ್ಲಾಸ್ಟಿಕ್ ಚೀಲ ಬೇಡ. ತಗಡಿನ ಮಾಡಿನ ಅಟ್ಟ ಏಪ್ರಿಲ್‌ನಲ್ಲಿ ಕಾಯುವುದರಿಂದ ಅದೂ ಬೇಡ. ಒಳಕೋಣೆಯ ಕತ್ತಲ ಮೂಲೆಯೇ ಮೇಲು. ಕಿಡಿ ಹಾರುವ ಮೋಟಾರಿನಿಂದ ಹುಟ್ಟುವ ಓಝೋನ್ ಸಹ ರಬ್ಬರನ್ನು ಬಿರುಕುಗೊಳಿಸುತ್ತದೆ. ಕೆಲವು ತಿಂಗಳ ನಂತರ ಮೇಲ್ಮೈಯಲ್ಲಿ ಕಾಣುವ ತೆಳುವಾದ ಬಿಳಿ ಹುಡಿ ಎಲ್ಲ ಸಲವೂ ಬೂಷ್ಟಲ್ಲ. ರಬ್ಬರಿನೊಳಗಿನ ಮೇಣ ಹೊರಬಂದು ಹಾಗೆ ಕಾಣುವುದೂ ಉಂಟು, ಅದನ್ನು ಉಜ್ಜಿ ತೆಗೆಯಬೇಕಿಲ್ಲ.

ಮೀನುಹೊಂಡಕ್ಕೆ ಇಳಿಯುವವರು ತೊಡುವ ವೇಡರ್‌ಗೂ, ಅಂದರೆ ಎದೆಮಟ್ಟದವರೆಗೆ ಬರುವ ನೀರು ತಡೆಯುವ ಬೂಟು ಸಹಿತ ಉಡುಪಿಗೂ, ಇದೇ ಕ್ರಮ. ಆದರೆ ಮೇಲ್ಭಾಗವನ್ನು ಒಳಹೊರಗು ಮಾಡಿ ಒಣಗಿಸಬೇಕು, ಮತ್ತು ಭುಜದ ಪಟ್ಟಿಯಿಂದ ತೂಗುಹಾಕಿದರೆ ಎಲಾಸ್ಟಿಕ್ ಜೋತುಬೀಳುವ ಕಾರಣ ಪಾದದ ಕಡೆಯಿಂದ ತೂಗುಹಾಕಬೇಕು. ಕತ್ತಲಲ್ಲಿ ಒಳಗೆ ಟಾರ್ಚ್ ಹಿಡಿದರೆ ತೆಳು ಬಟ್ಟೆಯ ತೂತುಗಳು ಕಾಣುತ್ತವೆ. ಅವುಗಳಿಗೆ ಸೀಮೆಸುಣ್ಣದ ಗುರುತು ಹಾಕಿ ಈಗಲೇ ತೇಪೆ ಹಚ್ಚಿಸಿ. ಸೈಕಲ್ ಟ್ಯೂಬಿನ ಪ್ಯಾಚ್ ಮತ್ತು ಸಲ್ಯೂಷನ್ ರಬ್ಬರಿಗೆ ಹಿಡಿಯುತ್ತವೆ, ಪಿವಿಸಿಗೆ ನಿಲ್ಲುವುದಿಲ್ಲ. ಅದಕ್ಕೆ ಪಿವಿಸಿ ಅಂಟನ್ನೇ ಕೇಳಿ ತರಬೇಕು.