ಪಾರ್ಕಿನ ಕೋರ್ಟಲ್ಲಿ ಪುಕ್ಕಟೆ ಟೆನಿಸ್ ಆಡೋದು ಹೇಗೆ?

ಬೆಂಗಳೂರಲ್ಲಿ ಟೆನಿಸ್ ಅಂದರೆ ಕ್ಲಬ್ಬು, ಕೋಚಿಂಗು, ತಿಂಗಳ ಫೀಸು. ಅಮೆರಿಕದಲ್ಲಿ ಹಾಗಿಲ್ಲ. ಎಷ್ಟೋ ಊರುಗಳ ಪಾರ್ಕಿನಲ್ಲಿ ಮಕ್ಕಳ ಜಾರುಬಂಡೆಯ ಪಕ್ಕದಲ್ಲೇ ಕೋರ್ಟು ಇರುತ್ತದೆ, ಕಾಸು ಕೊಡಬೇಕಿಲ್ಲ. ಕೆಲಸಕ್ಕೆ ಹೋದವರು ಆಡಬಹುದು, ಮಗಳ ಮನೆಗೆ ಹೋದ ಅಪ್ಪ-ಅಮ್ಮನೂ ಆಡಬಹುದು. ಅಲ್ಲಿನ ರೂಢಿ ಗೊತ್ತಿದ್ದರೆ ಸಾಕು.

ಹೊರಡುವ ಮೊದಲು ಊರಿನ ಪಾರ್ಕ್ ಇಲಾಖೆಯ ವೆಬ್‌ಸೈಟ್ ನೋಡಿ. ಎಲ್ಲಾ ಕಡೆ ಪುಕ್ಕಟೆ ಅಲ್ಲ. ನ್ಯೂಯಾರ್ಕ್ ನಗರದ ಪಾರ್ಕುಗಳಲ್ಲಿ ಸೀಸನ್ ಹೊತ್ತಿಗೆ ದುಡ್ಡು ಕೊಟ್ಟು ಪರ್ಮಿಟ್ ಪಡೆಯಬೇಕು. ಕೆಲವು ಊರಲ್ಲಿ ಮೊದಲೇ ಬುಕ್ ಮಾಡಬೇಕು. ಮಿಕ್ಕ ಕಡೆ ಮೊದಲು ಬಂದವರಿಗೆ ಕೋರ್ಟು.

ರ‍್ಯಾಕೆಟ್ ಹಳೆಯದಾದರೂ ನಡೆಯುತ್ತದೆ. ಶೂ ಮಾತ್ರ ಟೆನಿಸ್‌ನದೇ ಇರಲಿ. ರನ್ನಿಂಗ್ ಶೂ ಹಾಕಿ ಪಕ್ಕಕ್ಕೆ ಓಡಿದರೆ ಕಾಲು ಉಳುಕುವುದು ಸುಲಭ. ಚೆಂಡಿನ ಡಬ್ಬಿ ತೆರೆದಾಗ ಬುಸ್ ಅನ್ನುತ್ತದಲ್ವಾ? ಅಲ್ಲಿಂದಾಚೆಗೆ ಚೆಂಡು ನಿಧಾನಕ್ಕೆ ಗಾಳಿ ಕಳೆದುಕೊಳ್ಳುತ್ತದೆ. ನಿಯಮದ ಪ್ರಕಾರ 100 ಇಂಚು ಎತ್ತರದಿಂದ ಬಿಟ್ಟ ಚೆಂಡು 53ರಿಂದ 58 ಇಂಚು ಪುಟಿಯಬೇಕು. ಟೇಪು ಬೇಡ. ತಲೆಯ ಎತ್ತರದಿಂದ ಬಿಡಿ. ಸೊಂಟದವರೆಗೂ ಬರದಿದ್ದರೆ ಅದು ನಾಯಿಗೆ.

ಕೋರ್ಟುಗಳೆಲ್ಲ ತುಂಬಿದ್ದರೆ ಗೇಟಿನ ಬೋರ್ಡು ಓದಿ. ಜನ ಕಾಯುತ್ತಿದ್ದಾಗ ಎಷ್ಟು ಹೊತ್ತು ಆಡಬಹುದು ಅಂತ ಅದರಲ್ಲಿ ಬರೆದಿರುತ್ತದೆ. ಕೆಲವು ಕಡೆ ಬೇಲಿಯ ಜಾಲರಿಗೆ ರ‍್ಯಾಕೆಟ್ ಸಿಕ್ಕಿಸಿದರೆ ಅದೇ ನಿಮ್ಮ ಸರದಿ, ಬಸ್ಸಿನ ಸೀಟಿಗೆ ಕರ್ಚೀಫು ಹಾಕಿದ ಹಾಗೆ. ಇನ್ನು ಕೆಲವು ಕಡೆ ಬೆಂಚಿನ ಮೇಲೆ ಕೂತವರೇ ಕ್ಯೂ. ನೋಡಿಕೊಳ್ಳಲು ಕಾವಲುಗಾರ ಇರುವುದಿಲ್ಲ, ಹಾಗಾಗಿ ಬಾಯಿ ಬಿಟ್ಟು ಕೇಳಲೇಬೇಕು. ಆದರೆ ಪಾಯಿಂಟ್ ನಡೆಯುವಾಗ ಕೂಗಬೇಡಿ. ಅವರು ಬದಿ ಬದಲಿಸುವಾಗ, "ನಿಮ್ಮದು ಇನ್ನೆಷ್ಟು ಹೊತ್ತು?" ಅಂದರೆ ಯಾರೂ ಮುಖ ಸಿಂಡರಿಸುವುದಿಲ್ಲ.

ಒಳಗೆ ಹೋದ ಮೇಲೆ ಮೊದಲು ನೆಟ್ ನೋಡಿ. ಪಾರ್ಕಿನ ನೆಟ್‌ಗಳು ನಡುವೆ ಜೋತು ಬಿದ್ದಿರುವುದೇ ಜಾಸ್ತಿ. ಮಧ್ಯದಲ್ಲಿ 36 ಇಂಚು ಇರಬೇಕು. ಒಂದು ರ‍್ಯಾಕೆಟ್ಟನ್ನು ನೆಟ್ಟಗೆ ನಿಲ್ಲಿಸಿ, ಅದು 27 ಇಂಚು. ಅದರ ತುದಿಯ ಮೇಲೆ ಇನ್ನೊಂದರ ತಲೆಯನ್ನು ಅಡ್ಡಡ್ಡ ಇಡಿ. ಹೆಚ್ಚುಕಡಿಮೆ ಸರಿಯಾಗಿ ಬರುತ್ತದೆ. ಬರದಿದ್ದರೆ ನಡುವಿನ ಪಟ್ಟಿಯನ್ನು ಬಿಗಿ ಅಥವಾ ಸಡಿಲ ಮಾಡಿ. ನೆಲದಲ್ಲಿ ಬೇರೆ ಬಣ್ಣದ ಗೆರೆಗಳಿದ್ದರೆ ಅವು ಹೆಚ್ಚಾಗಿ ಪಿಕಲ್‌ಬಾಲ್ ಅನ್ನುವ ಇನ್ನೊಂದು ಆಟದವು, ತಲೆ ಕೆಡಿಸಿಕೊಳ್ಳಬೇಡಿ.

ಅಂಪೈರ್ ಇಲ್ಲ. ನಿಮ್ಮ ಕಡೆ ಬಿದ್ದ ಚೆಂಡು ಒಳಗೋ ಹೊರಗೋ ಅಂತ ನೀವೇ ಹೇಳಬೇಕು. ಅನುಮಾನ ಇದ್ದರೆ ಒಳಗೆ ಅಂತಲೇ ಲೆಕ್ಕ. ಪಕ್ಕದ ಕೋರ್ಟಿನ ಚೆಂಡು ಉರುಳಿ ಬಂದರೆ ನಿಲ್ಲಿಸಿ, ಪಾಯಿಂಟ್ ಮತ್ತೆ ಆಡಿ. ಅವರ ಆಟ ನಿಂತ ಮೇಲೆ ವಾಪಸ್ ಕಳಿಸಿ.

ಜೊತೆಗೆ ಆಡುವವರು ಸಿಗದಿದ್ದರೆ ಅಭ್ಯಾಸದ ಗೋಡೆ ಇರುವ ಪಾರ್ಕು ಹುಡುಕಿ. ಗೋಡೆ ಹತ್ತಿರ ಯಾರಾದರೂ ಮಾತಿಗೆ ಸಿಕ್ಕೇ ಸಿಗುತ್ತಾರೆ. "ನಿಮ್ಮ ಲೆವೆಲ್ ಎಷ್ಟು?" ಅಂತ ಕೇಳಿದರೆ ಗಾಬರಿ ಬೇಡ. ಅಲ್ಲಿನ ಟೆನಿಸ್ ಸಂಸ್ಥೆ ಆಟಗಾರರಿಗೆ 1.5ರಿಂದ 7.0ವರೆಗೆ ಅಂಕ ಇಟ್ಟಿದೆ. ಈಗಷ್ಟೇ ಶುರು ಮಾಡಿದವರು 2.0 ಅನ್ನಿ. ಜಂಬಕ್ಕೆ 3.5 ಅಂದರೆ ಎದುರಿನವರ ಮೊದಲ ಸರ್ವ್‌ಗೇ ಗೊತ್ತಾಗಿಬಿಡುತ್ತದೆ.